ಗಿರಿಜಾ ಬೇಡ ಎನ್ನಲಿಲ್ಲ

ಗಿರಿಜಾ ಬೇಡ ಎನ್ನಲಿಲ್ಲ. ಬೇಡ ಎಂದವಳು ನಾನು. ಅವಳ ಪಕ್ಕದ ಕುರ್ಚಿಯಲ್ಲೇ ಕುಳಿತು, ಅವಳು ಆಡದ ಮಾತನ್ನು ಅವಳ ಹೆಸರಿನಲ್ಲಿ, ಅವಳಿಗೆ ತಿಳಿಯದ ಇಂಗ್ಲಿಷಿನಲ್ಲಿ ಆಡಿಬಿಟ್ಟೆ. ಅವಳ ಮಗಳು ಓದು ಕಲಿಯಬೇಕಾಗಿದ್ದ ವಯಸ್ಸು ಆ ಒಂದು ಮಾತಿಗೆ ಹಾಳಾಯಿತು. ಬರೀ ಓದು ಹೋಗಿದ್ದರೆ... ಇರಲಿ, ಒಂದೊಂದಾಗಿ ಹೇಳುತ್ತೇನೆ.

ಆಗ ನಾವು ಅಮೆರಿಕದ ಕ್ಯಾಂಪ್‌ಬೆಲ್‌ನಲ್ಲಿ ಬಾಡಿಗೆಗಿದ್ದೆವು. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಹೋಗಬೇಕಾಗಿದ್ದದ್ದು ಬಡವರ ಮಕ್ಕಳೇ ಹೆಚ್ಚಿರುವ ಒಂದು ಪ್ರಾಥಮಿಕ ಶಾಲೆಗೆ. ಅಂಥ ಶಾಲೆಗಳಿಗೆ ಕೇಂದ್ರ ಸರ್ಕಾರದ ಹಣ ಬರುತ್ತದೆ. ಹಣದ ಜೊತೆಗೆ ಕಟ್ಟಳೆಯೂ ಬರುತ್ತದೆ — ತಂದೆತಾಯಿಯರನ್ನು ಹೊರಗಿಟ್ಟು ಶಾಲೆ ನಡೆಸುವಂತಿಲ್ಲ. ಮಗು ಹೇಗೆ ಓದುತ್ತಿದೆ ಎಂದು ಅವರಿಗೆ ತಿಳಿಯುವ ಹಾಗೆ ಹೇಳಬೇಕು. ಸಮಿತಿಗಳಲ್ಲಿ ಅವರನ್ನೂ ಕೂರಿಸಿಕೊಳ್ಳಬೇಕು. ಇದು ಒಳ್ಳೆಯ ಕಟ್ಟಳೆ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಆ ಶಾಲೆಯೇ ಒಂದು ಅವಮಾನ. ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ನಮ್ಮ ಕನ್ನಡದವರ ಪಾಟ್‌ಲಕ್ಕುಗಳಲ್ಲಿ ಮಕ್ಕಳ ಶಾಲೆ ಯಾವುದೆಂದು ಕೇಳುವುದು ಹಿಂದೆ ಗೋತ್ರ ಕೇಳುತ್ತಿದ್ದ ಹಾಗೆ. ನಾನು ಶಾಲೆಯ ಹೆಸರು ಹೇಳಿದರೆ, "ಓ..." ಎಂದು ಎಳೆದು ಪಲ್ಯ ಬಡಿಸಿಕೊಳ್ಳಲು ಆ ಕಡೆ ತಿರುಗುತ್ತಿದ್ದರು. ಮನೆಗೆ ಬಂದ ಮೇಲೂ ಆ "ಓ" ನನ್ನ ಹೊಟ್ಟೆ ಉರಿಸುತ್ತಿತ್ತು. ಅದಕ್ಕೇ ನಾನು ಪೋಷಕರ ಸಮಿತಿ ಸೇರಿದ್ದು. ಸೇವೆ ಎಂದು ಎಲ್ಲರಿಗೂ ಹೇಳಿಕೊಂಡೆ. ಎಂಥ ಸೇವೆ — ಅಂಥ ಶಾಲೆಯಲ್ಲಾದರೂ ನಾಲ್ಕು ಜನರಿಗಿಂತ ಮೇಲೆ ಕೂರಬೇಕಾಗಿತ್ತು ನನಗೆ.

ಗಿರಿಜಾ ಬಾಗಲಕೋಟೆಯವಳು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವಳು. ಗಂಡ ಎಂಜಿನಿಯರು, ಅವನ ಪ್ರಾಜೆಕ್ಟು ಬೇರೆ ರಾಜ್ಯದಲ್ಲಿತ್ತು, ಶನಿವಾರ ಭಾನುವಾರ ಮನೆಗೆ ಬರುತ್ತಿದ್ದ. ಮಗಳು ಪಲ್ಲವಿ ಒಂದನೇ ಕ್ಲಾಸು. ಶಾಲೆ ಬಿಟ್ಟಾಗ ಗೇಟಿನಲ್ಲಿ ಈ ತಾಯಿ ಮಗಳನ್ನು ನೋಡಬೇಕಿತ್ತು ನೀವು. ಬ್ಯಾಗು ತಾಯಿಯ ಕೈಗೆ ಎಸೆದು, ಆ ಹುಡುಗಿ ಕೈ ಬಾಯಿ ತಿರುಗಿಸುತ್ತ ಅಪ್ಪಟ ಬಾಗಲಕೋಟೆ ಕನ್ನಡದಲ್ಲಿ ಇಡೀ ದಿನದ ಕಥೆ ಹೇಳುತ್ತಿತ್ತು. ಗಿರಿಜಾ ನಡುನಡುವೆ, "ಹೌದನ? ಆಮ್ಯಾಲ?" ಎಂದು ಎತ್ತಿಕೊಡುತ್ತಿದ್ದಳು. ಪಕ್ಕದಲ್ಲಿ ನನ್ನ ಮಗ ನಿಖಿಲ್, ಅವಳಿಗಿಂತ ಒಂದೇ ಕ್ಲಾಸು ಮೇಲೆ. ಕಾರಿಗೆ ಹತ್ತಿ ಕಿಟಕಿಯ ಕಡೆ ತಿರುಗುತ್ತಿದ್ದ. ಹೇಗಿತ್ತೋ ಶಾಲೆ ಎಂದರೆ "ಫೈನ್." ಅವನು ಶಾಲೆಗೆ ಸೇರುವ ಮುಂಚೆಯೇ ನಮ್ಮ ಮನೆಯಲ್ಲಿ ನಾನು ಕನ್ನಡ ನಿಲ್ಲಿಸಿಬಿಟ್ಟಿದ್ದೆ. ಯಾರೂ ಹೇಳಿರಲಿಲ್ಲ, ನನಗೇ ಹಾಗೆ ಮಾಡಬೇಕೆನ್ನಿಸಿತ್ತು. ಮೈಸೂರಿನಲ್ಲಿ ಇಂಗ್ಲಿಷ್ ಬಾರದೆ ನಾನು ಪಟ್ಟ ಪಾಡು ಅವನು ಪಡಬಾರದು ಎಂದು — ಇದನ್ನು ನೆಪವಾಗಿ ಹೇಳುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ.

ಆ ಚಳಿಗಾಲ ಪಲ್ಲವಿಯ ಟೀಚರು ಗಿರಿಜಾಳನ್ನು ಮಾತಿಗೆ ಕರೆದರು, ಅವಳು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದಳು. ಶಾಲೆಯ ಆಫೀಸಿನ ಹೆಂಗಸು, ಕನ್ನಡ ಬಲ್ಲವರನ್ನು ಫೋನಿನಲ್ಲಿ ಕರೆಸಿಕೊಡುತ್ತೇವೆ, ಅದು ತಾಯಿಯ ಹಕ್ಕು ಎಂದಳು. ಗಿರಿಜಾಗೆ ಅರ್ಥವಾಗುವ ಮೊದಲೇ ನಾನು ಬೇಡ ಎಂದೆ, ನಾನಿದ್ದೇನಲ್ಲ ಎಂದೆ. ನಮ್ಮವರ ವಿಷಯ ನಮ್ಮಲ್ಲೇ ಇರಲಿ, ಹೊರಗಿನವರು ಯಾಕೆ ಎಂಬ ನಮ್ಮ ಹಳೆಯ ಚಾಳಿ ಅದು. ಗಿರಿಜಾ ನನ್ನ ಕೈ ಹಿಡಿದುಕೊಂಡಳು. "ನೀವು ಅದೀರಿ ಅಂತ ನನಗ ಧೈರ್ಯ ನೋಡ್ರಿ ಅಕ್ಕಾರ."

ಟೀಚರು ವಯಸ್ಸಾದವರು, ನಿಧಾನವಾಗಿ ಮಾತಾಡುವವರು. ಪಲ್ಲವಿ ಬಹಳ ಚುರುಕು, ಆದರೆ ಅಕ್ಷರ ನೋಡಿದರೆ ಅದರ ಸದ್ದು ಅವಳಿಗೆ ಹೊಳೆಯುತ್ತಿಲ್ಲ, ಇದು ಭಾಷೆಯ ತೊಂದರೆಯಲ್ಲ, ಪರೀಕ್ಷೆ ಮಾಡಿಸಿದರೆ ಬೆಳಿಗ್ಗೆ ಚಿಕ್ಕ ಗುಂಪಿನಲ್ಲಿ ಬೇರೆ ರೀತಿಯಲ್ಲಿ ಕಲಿಸಬಹುದು ಎಂದರು. ತಾಯಿ ಒಪ್ಪದೆ ನಾವು ಮುಂದುವರಿಯುವಂತಿಲ್ಲ, ಹೂಂ ಅನ್ನುವುದೂ ಬೇಡ ಅನ್ನುವುದೂ ಆಕೆಯ ಹಕ್ಕು ಎಂದರು. ಆಮೇಲೆ ಗಿರಿಜಾಳ ಕಡೆ ಬಾಗಿ ಇನ್ನೊಂದು ಮಾತು ಹೇಳಿದರು — ಮನೆಯಲ್ಲಿ ನಿಮ್ಮ ಭಾಷೆ ಬಿಡಬೇಡಿ, ಈ ಮಗುವಿನ ದೊಡ್ಡ ಶಕ್ತಿ ಅದೇ, ಮನೆಮಾತು ಬಿಡಿಸಿದ ತಾಯಂದಿರು ಆಮೇಲೆ ಬಹಳ ಕಳೆದುಕೊಳ್ಳುತ್ತಾರೆ.

ಆ ಮಾತು ಹೇಳಿದ್ದು ಗಿರಿಜಾಗೆ. ಬಡಿದದ್ದು ನನಗೆ. ನಾನು ಬಿಡಿಸಿದ್ದೆನಲ್ಲ, ನಾನು — ಓದಿದವಳು, ಸಮಿತಿಯವಳು. ಇವಳು ಏನೂ ತಿಳಿಯದೆ, ಏನೂ ಮಾಡದೆ, ಸರಿಯಾದದ್ದನ್ನೇ ಮಾಡಿಬಿಟ್ಟಿದ್ದಾಳೆ...

"ಏನಂತಾರ್ರಿ?" ಎಂದಳು ಗಿರಿಜಾ.

"ಏನಿಲ್ಲ, ಗಿರಿಜಾ. ಹುಡುಗಿ ಚುರುಕಂತೆ, ಸ್ವಲ್ಪ ಗಮನ ಕಮ್ಮಿಯಂತೆ. ಮನೇಲಿ ಕನ್ನಡ ಮಾತಾಡೋದು ನಿಲ್ಲಿಸಿ ಅಂತಿದಾರೆ. ಬರೀ ಇಂಗ್ಲಿಷು."

ಅವಳ ಮುಖ ಸಣ್ಣದಾಯಿತು. "ನನಗ ಬರಂಗಿಲ್ಲಲ್ರಿ ಅಕ್ಕಾರ."

"ಬಂದಷ್ಟು ಮಾತಾಡಿ."

ಗಿರಿಜಾ ಟೀಚರ ಕಡೆ ನೋಡಿ, "ಮಗಳ ಸಲುವಾಗಿ ಏನ್ ಹೇಳಿದ್ರೂ ಮಾಡ್ತೀನಿ ಅಂತ ಹೇಳ್ರಿ ಅವರಿಗೆ" ಎಂದಳು. ನಾನು ಟೀಚರಿಗೆ ಹೇಳಿದೆ — ಅವರಿಗೆ ಇದೆಲ್ಲ ಬೇಡವಂತೆ, ಮನೆಯಲ್ಲೇ ನೋಡಿಕೊಳ್ಳುತ್ತಾರಂತೆ. ನಾನು ಹೇಳುತ್ತಿದ್ದಷ್ಟು ಹೊತ್ತೂ ಗಿರಿಜಾ ಹೌದು ಹೌದು ಎಂದು ಗೋಣು ಹಾಕುತ್ತಿದ್ದಳು. ತನ್ನ ಮಾತೇ ಅಲ್ಲಿಗೆ ಮುಟ್ಟುತ್ತಿದೆ ಎಂದುಕೊಂಡಿದ್ದಳು.

ಪರೀಕ್ಷೆ ಯಾಕೆ ಬೇಡ ಎಂದೆ? ಕನ್ನಡದವರ ಮಗುವೊಂದು ಓದಿನಲ್ಲಿ ಹಿಂದುಳಿದವರ ಆ ಚಿಕ್ಕ ಗುಂಪಿಗೆ ಹೋಗುವುದು ನನಗೆ ಬೇಕಿರಲಿಲ್ಲ. ನಾಳೆ ಪಾಟ್‌ಲಕ್ಕಿನಲ್ಲಿ ಇನ್ನೂ ಉದ್ದದ "ಓ" ಕೇಳಬೇಕಾಗುತ್ತಿತ್ತು. ಅದನ್ನು ಮಾನ ಉಳಿಸಿದ್ದು ಎಂದು ನಾನು ನಂಬಿಕೊಳ್ಳಬಲ್ಲವಳಾಗಿದ್ದೆ. ಆದರೆ ಕನ್ನಡ ಬಿಡಿ ಎಂದದ್ದು ಬರೀ ಹೊಟ್ಟೆಕಿಚ್ಚು. ಆ ಗೇಟಿನ ಹತ್ತಿರದ ಮಾತು, ಆ ನಗು ನನಗೆ ಸಹಿಸಲಾಗಲಿಲ್ಲ. ಇಷ್ಟು ಕೆಟ್ಟವಳೇ ನಾನು ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಹೌದು.

ಗಿರಿಜಾ ಹೇಳಿದ ಹಾಗೇ ಮಾಡಿದಳು. ಇಂಗ್ಲಿಷ್ ಬಾರದವಳು ಇಂಗ್ಲಿಷಿನಲ್ಲೇ ಮಾತಾಡಬೇಕೆಂದರೆ ಮಾತು ಎಷ್ಟು ಉಳಿಯುತ್ತದೆ? ಕಮ್. ಈಟ್. ಹೋಮ್‌ವರ್ಕ್. ಸ್ಲೀಪ್. ಗೇಟಿನ ಬಳಿ ಪಲ್ಲವಿ ಮೊದಮೊದಲು ಕನ್ನಡದಲ್ಲೇ ಶುರು ಮಾಡುತ್ತಿದ್ದಳು. ಗಿರಿಜಾ ತುಟಿಯ ಮೇಲೆ ಬೆರಳಿಟ್ಟು, "ನೋ, ನೋ, ಇಂಗ್ಲಿಷ್" ಎನ್ನುತ್ತಿದ್ದಳು. ಬೇಸಿಗೆ ರಜೆ ಬರುವಷ್ಟರಲ್ಲಿ ಇಬ್ಬರೂ ಸುಮ್ಮನೆ ನಡೆದುಹೋಗುತ್ತಿದ್ದರು. ನಾನು ದಿನಾ ನೋಡುತ್ತಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು, ಯಾವ ದಿನ ಬೇಕಾದರೂ...

ಪಲ್ಲವಿ ಮೂರನೇ ಕ್ಲಾಸಿಗೆ ಬಂದಳು, ಓದು ಬರಲಿಲ್ಲ. ಹೊಸ ಟೀಚರು ಯಾರನ್ನೂ ಕೇಳದೆ ಫೋನಿನಲ್ಲಿ ಕನ್ನಡದವರನ್ನು ಕರೆಸಿಕೊಂಡೇ ಗಿರಿಜಾಳ ಜೊತೆ ಮಾತಾಡಿದರು. ಅಂದು ಸಂಜೆ ಗಿರಿಜಾ ನಮ್ಮ ಮನೆ ಬಾಗಿಲಿಗೆ ಬಂದಳು. ನನ್ನ ಮೇಲೆ ಸಿಟ್ಟಾಗಿ ಬಂದಳೆಂದುಕೊಂಡೆ. ಅಲ್ಲ.

"ಒಂದನೇ ಕ್ಲಾಸಿನ್ಯಾಗ ಪರೀಕ್ಷಾ ಮಾಡತೀವಿ ಅಂದ್ರ ನಾ ಬ್ಯಾಡ ಅಂದಿದ್ನಂತ್ರಿ. ಖರೇ ಏನ್ರಿ ಅಕ್ಕಾರ? ತಿಳೀಲಾರದ ಗೋಣು ಹಾಕಿಬಿಟ್ಟಿದ್ನೇನ್ರಿ ನಾ?"

ದೇವರು ನನಗೆ ಅಂದು ಎರಡನೇ ಅವಕಾಶ ಕೊಟ್ಟಿದ್ದ. ನಾನು ಏನೆಂದೆ ಗೊತ್ತೆ? "ಇರಬಹುದು ಗಿರಿಜಾ. ನೀವು ಗಾಬರಿಯಲ್ಲಿದ್ದಿರಿ."

ಅವಳು ತಲೆ ತಲೆ ಚಚ್ಚಿಕೊಂಡಳು. ನನ್ನ ಮಗಳ ಬಾಳು ನಾನೇ ಕೆಡಿಸಿದೆ ಎಂದಳು. ನಾನು ಅವಳಿಗೆ ಟೀ ಮಾಡಿಕೊಟ್ಟು ಸಮಾಧಾನ ಹೇಳಿ ಕಳಿಸಿದೆ. ಮೊದಲನೆಯದಕ್ಕಿಂತ ಇದೇ ದೊಡ್ಡ ಪಾಪ ಎಂದು ನನಗೆ ಅನ್ನಿಸುತ್ತದೆ.

ಪರೀಕ್ಷೆಯಾಯಿತು, ಬೇರೆ ಪಾಠ ಶುರುವಾಯಿತು, ಹುಡುಗಿ ತಡವಾಗಿಯಾದರೂ ಓದಲು ಕಲಿತಳು. ಮುಂದೆ ಗಿರಿಜಾಳ ಗಂಡನಿಗೆ ಇಲ್ಲೇ ಕೆಲಸ ಸಿಕ್ಕಿ ಅವರು ಸ್ವಲ್ಪ ದೂರದ ಮಾರ್ಗನ್ ಹಿಲ್‌ಗೆ ಮನೆ ಬದಲಾಯಿಸಿದರು. ನನಗೆ ನಿರಾಳವಾಯಿತು ಎಂದು ಹೇಳಲೂ ನಾಚಿಕೆ. ವರ್ಷಗಳು ಕಳೆದ ಮೇಲೆ, ಕಳೆದ ತಿಂಗಳು, ಸ್ಯಾನ್ ಮಟಿಯೋದಲ್ಲಿ ಒಬ್ಬರ ಗೃಹಪ್ರವೇಶ. ಊಟದ ಹೊತ್ತಿಗೆ ಯಾರೋ ಅಮೆರಿಕದ ಶಾಲೆಗಳಲ್ಲಿ ತಾಯಂದಿರು ಎಷ್ಟು ಕೇಳಬಹುದು, ಎಷ್ಟು ಕೇಳಬಾರದು ಎಂದು ಮಾತು ತೆಗೆದರು. ಎದುರು ಸಾಲಿನಲ್ಲಿದ್ದ ಗಿರಿಜಾ ನನ್ನನ್ನು ತೋರಿಸಿ, "ಅಕ್ಕಾರ್ನ ಕೇಳ್ರಿ. ನನ್ನ ಮಗಳ ಸಲುವಾಗಿ ಭಾಳ ಓಡ್ಯಾಡ್ಯಾರ" ಎಂದಳು. ಅವಳ ಪಕ್ಕದಲ್ಲಿ ತಾಯಿಯಷ್ಟೇ ಎತ್ತರ ಬೆಳೆದ ಪಲ್ಲವಿ ಫೋನು ನೋಡುತ್ತ ಕೂತಿದ್ದಳು. ಊಟ ಮುಗಿಯುವವರೆಗೂ ಆ ಇಬ್ಬರ ನಡುವೆ ಒಂದು ಮಾತಿಲ್ಲ.

ಮುಂದಿನ ಶನಿವಾರ ಮಾರ್ಗನ್ ಹಿಲ್‌ಗೆ ಹೋದೆ. ಗಿರಿಜಾ ಅಡುಗೆಮನೆಯ ಮೇಜಿನ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಎಲ್ಲ ಹೇಳಿದೆ. ನೀವು ಬೇಡ ಅಂದಿರಲಿಲ್ಲ, ನಾನು ಅಂದೆ. ಕನ್ನಡ ಬಿಡಿ ಎಂದು ಟೀಚರು ಹೇಳಿರಲಿಲ್ಲ, ಬಿಡಬೇಡಿ ಎಂದಿದ್ದರು. ಕ್ಷಮೆ ಕೇಳಲು ಬಾಯಿ ಬರಲಿಲ್ಲ. ಕೇಳಿದ್ದರೆ ಅವಳು ಕೊಟ್ಟೇಬಿಡುತ್ತಿದ್ದಳೇನೋ, ಅದನ್ನೂ ಪಡೆದುಕೊಂಡು ಬರುವುದು ಬೇಡವೆನ್ನಿಸಿತು.

ಅವಳು ಅಳಲಿಲ್ಲ. ಸೊಪ್ಪಿನ ಕೈ ಒರೆಸಿಕೊಂಡು ಮಹಡಿಯ ಕಡೆ ತಿರುಗಿ, "ಪಲ್ಲವಿ, ಕಮ್" ಎಂದು ಕೂಗಿದಳು. ಹುಡುಗಿ ಇಳಿದು ಬಂದಳು.

"ಇಕಿಗೂ ಹೇಳ್ರಿ" ಎಂದಳು ಗಿರಿಜಾ. "ನನಗ ಅಷ್ಟು ಇಂಗ್ಲಿಷು ಬರಂಗಿಲ್ಲ. ಇಕಿಗೆ ಅಷ್ಟು ಕನ್ನಡ ಉಳದಿಲ್ಲ. ನೀವ ಹೇಳ್ರಿ."

ಹೇಳಿದೆ. ಏನನ್ನೂ ಬಿಡದೆ ಹೇಳಿದೆ. ಪಲ್ಲವಿ ಇಂಗ್ಲಿಷಿನಲ್ಲಿ, ತಾಯಿಯ ಕಡೆ ನೋಡದೆ, ಮೆಲ್ಲಗೆ ಒಂದು ಮಾತು ಹೇಳಿದಳು.

"ಏನಂದ್ಲು?" ಎಂದಳು ಗಿರಿಜಾ.

ಆ ಕ್ಷಣದಲ್ಲೂ ನನ್ನ ನಾಲಗೆಗೆ ಬೇರೆ ಮಾತು ಬಂತು. ಸ್ವಲ್ಪ ತಿದ್ದಿ, ಸ್ವಲ್ಪ ಮೆತ್ತಗೆ ಮಾಡಿ... ಆ ಚಾಳಿ ನನ್ನಲ್ಲಿ ಇನ್ನೂ ಇದೆ. ಅದನ್ನು ನುಂಗಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ: "ನಾನು ದಡ್ಡಿ ಅಂತ ನಿಂಗೆ ನಾಚಿಕೆ ಆಯ್ತು, ಅದಕ್ಕೇ ನೀನು ನನ್ನ ಜೊತೆ ಮಾತು ಬಿಟ್ಟೆ ಅಂದ್ಕೊಂಡಿದ್ದೆ ಅಂತಾಳೆ."

ಗಿರಿಜಾ ಮಗಳ ಪಕ್ಕಕ್ಕೆ ಹೋಗಿ ನಿಂತಳು. ನಾನು ಇನ್ನೇನೋ ಹೇಳಲು ಹೋದೆ. ಅವಳು ಕೈ ಎತ್ತಿ ತಡೆದಳು.

"ಇನ್ನ ನೀವು ನಡೀರಿ" ಎಂದಳು. "ಬಂದಷ್ಟ ನಾವ ಮಾತಾಡ್ಕೋತೀವಿ."

ನಾನು ಹೊರಟು ಬಂದೆ.