ನಾಗಲಮಡಿಕೆಯಲ್ಲಿ ಚುಚ್ಚದೆ ಉಳಿದ ಕಿವಿ

ಭಕ್ತಬಂಧುಗಳೇ, ನನ್ನ ಮಗ ನಾಗರಾಜನ ಬಾಯಿಂದ ದಿನಗಟ್ಟಲೆ ರಕ್ತ ನಿಲ್ಲದೆ ಒಸರಿದ್ದು ಮೂರು ವರ್ಷದ ಹಿಂದೆ, ಎಂಬತ್ತೈದನೆಯ ಇಸವಿಯ ಬೇಸಿಗೆಯಲ್ಲಿ. ನಮ್ಮದು ಐ.ಡಿ.ಹಳ್ಳಿ ಕಡೆಯ ಕುರಿ ಸಾಕುವ ಮನೆ. ನಾನು ಏಳನೆಯ ತರಗತಿ ಓದಿ, ಊರಿನ ಬಾಲವಾಡಿಯಲ್ಲಿ ಅಕ್ಷರ ಕಲಿಸುವವಳು. ಓದಿದವಳೆಂಬ ಜಂಬ ನನಗೆ ತುಸು ಹೆಚ್ಚೇ ಇತ್ತು.

ಆರು ವರ್ಷದ ಹುಡುಗನಿಗೆ ಸೋಮವಾರ ಒಂದು ಹಾಲುಹಲ್ಲು ಬಿತ್ತು. ಯಾವ ಮಗುವಿಗೆ ಬೀಳುವುದಿಲ್ಲ? ಆದರೆ ಇವನಿಗೆ ಬುಧವಾರವಾದರೂ ರಕ್ತ ನಿಲ್ಲಲಿಲ್ಲ. ಅರಿಸಿನ ಒತ್ತಿದೆವು. ಕಾಂಪೌಂಡರ್ ಹತ್ತಿ ತುರುಕಿದರು. ಒಂದು ಬಟ್ಟೆ ಒಗೆದು ಹಾಕುವಷ್ಟರಲ್ಲಿ ಇನ್ನೊಂದು ಕೆಂಪಾಗುತ್ತಿತ್ತು. ಮೊದಲೂ ಅವನು ಬಿದ್ದರೆ ಮಂಡಿ ಊದಿ ವಾರಗಟ್ಟಲೆ ಮಲಗುತ್ತಿದ್ದ. ಸೂಕ್ಷ್ಮದ ಮೈ ಎಂದು ಸುಮ್ಮನಾಗಿದ್ದೆವು.

ನಮ್ಮತ್ತೆ ಹೇಳಿದರು: "ಹುಟ್ಟಿದಾಗ್ಲೇ ನಾಗಲಮಡಿಕೇಲಿ ಕಿವಿ ಚುಚ್ಚುಸ್ತೀವಿ ಅಂತ ಹರಕೆ ಹೊತ್ಕಂಡ್ರಿ. ಆರ್ ವರ್ಷ ಆತು. ಸುಬ್ರಮಣ್ಯ ಸುಮ್ಕೆ ಬುಡ್ತಾನಾ? ನಾಳೇನೇ ಹೊಂಡ್ರಿ."

ಯಜಮಾನರು ವರ್ಷವರ್ಷವೂ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗುತ್ತಿದ್ದುದರಿಂದ ಹರಕೆ ಹಾಗೇ ಉಳಿದಿತ್ತು. ಅತ್ತೆಯ ಮಾತು ಹೆದರಿದವರ ಮೇಲೆ ಹಾವು ಎಸೆದಂತಾಯಿತು. ರಕ್ತ ಸೋರುತ್ತಿರುವ ಮಗುವಿಗೆ ಇನ್ನೆರಡು ತೂತು ಮಾಡಿಸಲು ನಾವಿಬ್ಬರೂ ಹೊರಟೆವು. ನನ್ನ ಏಳನೆಯ ತರಗತಿ ಆಗ ಎಲ್ಲಿ ಹೋಗಿತ್ತೋ! ಪಾವಗಡದಲ್ಲಿ ಬಸ್ಸು ಬದಲಿಸುವಾಗ ಮಗ, "ಅವ್ವಾ, ಬಾಯೆಲ್ಲ ಉಪ್ಪುಪ್ಪು" ಎಂದ. ಅವನ ತುಟಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

ಗುಡಿಯ ಹತ್ತಿರ ಕಿವಿ ಚುಚ್ಚುವ ಮುದುಕ ಅಕ್ಕಸಾಲಿಗರೊಬ್ಬರು ಕೂತಿದ್ದರು. ಸೂಜಿ ತೆಗೆದು, "ಸೋದರಮಾವ ಎಲ್ಲಿ ತಲ್ಲೀ?" ಎಂದು ತೆಲುಗು ಬೆರೆಸಿ ಕೇಳಿದರು. ತಾಯಿಯ ಅಣ್ಣನೋ ತಮ್ಮನೋ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಅದು ಶಾಸ್ತ್ರ.

"ಇಲ್ಲಪ್ಪಾ. ಇಬ್ರು ಅಣ್ಣಂದಿರಿದ್ರು. ಚಿಕ್ಕೋರಾಗಿದ್ದಾಗ್ಲೇ ಹೋದ್ರು."

"ಎಂಗೆ ಹೋದ್ರು?"

"ಒಬ್ಬ ಮುಡಿ ತೆಗೆಯುವಾಗ ಕತ್ತಿ ತಾಕಿ. ಇನ್ನೊಬ್ಬ ಮರದಿಂದ ಬಿದ್ದು. ಇಬ್ರಿಗೂ ರಕ್ತ ನಿಲ್ಲಲಿಲ್ವಂತೆ."

ಹೇಳಿ ಮುಗಿಸುವಷ್ಟರಲ್ಲಿ ಮಗನನ್ನು ಎದೆಗೆ ಒತ್ತಿಕೊಂಡೆ. ಬುದ್ಧಿ ಬಂದಾಗಿನಿಂದ ಕೇಳಿದ ಸುದ್ದಿ, ಒಂದು ದಿನವೂ ನನ್ನ ಮಗನ ಜೊತೆ ಸೇರಿಸಿ ನೋಡಿರಲಿಲ್ಲ.

ಮುದುಕರು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರು. "ವದ್ದು ತಲ್ಲೀ, ವದ್ದು. ಬ್ಯಾಡ. ಇಂಗೇ ಒಂದ್ ಮಗೀಗೆ ಚುಚ್ಚಿ, ಈ ಕೈಯಾರೆ ಕಳೆದೀನಿ. ಆ ತಾಯಿಗೂ ಅಣ್ಣತಮ್ಮಂದಿರು ಉಳಿದಿರ್ಲಿಲ್ಲ. ಸೋದರಮಾವ ಇಲ್ಲ ಅಂದ್ರೆ ಯಾಕಿಲ್ಲ ಅಂತ ಕೇಳ್ದೆ ಸೂಜಿ ಮುಟ್ಟಲ್ಲ ಅಂತ ಅವತ್ತೇ ಸ್ವಾಮಿ ಮುಂದೆ ಆಣೆ ಮಾಡಿವ್ನಿ. ಆಸ್ಪತ್ರೆಗೆ ನಡೀರಿ ಮೊದ್ಲು."

ನಾನು ಗರ್ಭಗುಡಿಯ ಮುಂದೆ ನಿಂತು ಜಗಳವಾಡಿದೆ. "ಮಗೂನೂ ಉಳಿಸಲ್ಲ, ಹರಕೆ ತೀರ್ಸಾಕೂ ಬುಡಲ್ಲ, ಏನ್ ಬೇಕು ನಿಂಗೆ?" ಎಂದೆ. ಆ "ವದ್ದು" ಎಂಬ ಮಾತೇ ಪ್ರಸಾದವೆಂದು ಆಗ ತಿಳಿಯಲಿಲ್ಲ.

ಪಾವಗಡದ ಆಸ್ಪತ್ರೆಯಲ್ಲಿ ಅಣ್ಣಂದಿರ ವಿಷಯ ಹೇಳಿದ ಕೂಡಲೇ ಡಾಕ್ಟರು ಇಂಜೆಕ್ಷನ್ ಸಿರಿಂಜನ್ನು ಪಕ್ಕಕ್ಕಿಟ್ಟು, ಚೀಟಿ ಬರೆದು ಬೆಂಗಳೂರಿಗೆ ಕಳಿಸಿದರು. ಬಸ್ಸಿನುದ್ದಕ್ಕೂ ಮಗನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ ಕೂತಿದ್ದೆ.

ಬೆಂಗಳೂರಿನ ದೊಡ್ಡಾಸ್ಪತ್ರೆಯ ಲೇಡಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಕೂರಿಸಿಕೊಂಡು ಹೇಳಿದರು: "ಇದರ ಹೆಸರು ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟಿಸೋ ಒಂದು ಅಂಶ ಇವನಿಗೆ ಹುಟ್ಟಿನಿಂದಲೇ ಕಮ್ಮಿ. ತಾಯಿಯಲ್ಲಿ ಅಡಗಿದ್ದು ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತೆ." ದಾನಿಗಳ ರಕ್ತದ ತಿಳಿಯನ್ನು ಮಂಜುಗಡ್ಡೆಯ ಹಾಗೆ ಗಟ್ಟಿಯಾಗಿಸಿ, ನಿಧಾನವಾಗಿ ಕರಗಿಸಿದರೆ ತಳದಲ್ಲಿ ಬಿಳಿ ಗಸಿ ಉಳಿಯುತ್ತದಂತೆ. ಆ ಅಂಶ ಅದರಲ್ಲಿದೆಯಂತೆ. ಅದನ್ನೇ ಡ್ರಿಪ್ಪಿನಲ್ಲಿ ಏರಿಸಿದರು. ಮರುದಿನ ಬೆಳಿಗ್ಗೆ ಅವನ ಬಾಯಲ್ಲಿಟ್ಟ ಹತ್ತಿ ಬೆಳ್ಳಗೇ ಹೊರಬಂತು. ನಾನು ಆ ಹತ್ತಿಯನ್ನು ಹಿಡಿದುಕೊಂಡು ಅತ್ತುಬಿಟ್ಟೆ.

"ನಿಮ್ಮ ಅಣ್ಣಂದಿರ ಕಾಲಕ್ಕೆ ಇದಿನ್ನೂ ಕಂಡುಹಿಡಿದಿರಲಿಲ್ಲಮ್ಮ" ಎಂದರು ಡಾಕ್ಟರು.

ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಅವನು ಓಡಿದರೆ ಈಗಲೂ ಹಿಂದೆಯೇ ಓಡುತ್ತೇನೆ. ದಿನಾ ಬೆಳಿಗ್ಗೆ ಅವನ ಮಂಡಿ ಮುಟ್ಟಿ ನೋಡದೆ ಒಲೆ ಹಚ್ಚುವುದಿಲ್ಲ. ದಾನಿಗಳ ರಕ್ತವೇ ಬೇಡದಂತೆ ಆ ಔಷಧಿ ತಯಾರಿಸಲು ಹೊರದೇಶಗಳಲ್ಲಿ ಹಗಲಿರುಳು ದುಡಿಯುತ್ತಿದ್ದಾರಂತೆ. ಷಷ್ಠಿಯ ದೀಪ ಹಚ್ಚುವಾಗ ಆ ಕಾಣದ ಜನರನ್ನೂ, ಆ ಅಕ್ಕಸಾಲಿಗರನ್ನೂ ನೆನೆಯುತ್ತೇನೆ. ಸ್ವಾಮಿ ಬರುವ ದಾರಿ ನಾವು ಗೀಟು ಹಾಕಿ ಕೊಡುವಂಥದ್ದಲ್ಲ ಎಂದು ಈಗ ನಂಬಿದ್ದೇನೆ.

ಮಗ ಚೇತರಿಸಿಕೊಂಡ ಮೇಲೆ ತೋವಿನಕೆರೆ ಹತ್ತಿರದ ತವರಿಗೆ ಹೋದೆ. ನನ್ನವ್ವ ಹರೆಯದಲ್ಲಿ ಹೊಲದ ಬದುವಿನ ಹುತ್ತ ಒಡೆದಿದ್ದಳಂತೆ. ಅದಕ್ಕೇ ನಾಗಪ್ಪ ಇಬ್ಬರು ಗಂಡುಮಕ್ಕಳನ್ನೂ ಕಿತ್ತುಕೊಂಡ ಎಂದು ನಂಬಿ, ಅಂದಿನಿಂದ ಸುಬ್ರಮಣ್ಯನ ಗುಡಿಯ ಹೊಸಿಲು ತುಳಿದವಳಲ್ಲ. ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳಿದೆ. ತಾಯಿಯಿಂದ ಬರುತ್ತದೆ ಎಂಬುದೊಂದನ್ನು ಮಾತ್ರ ನುಂಗಿಕೊಂಡೆ. ಸ್ವಾಮಿ ಕ್ಷಮಿಸಲಿ.

ಅವ್ವ ಕೈಲಿದ್ದ ಮೊರ ಕೆಳಗಿಟ್ಟಳು. ಆಮೇಲೆ, "ಅಂಗಾರೆ ನನ್ ಚಿತ್ತಯ್ಯನ್ನ, ಜುಂಜನ್ನ ಅವ್ನು ತಗಂಡಿರ್ಲಿಲ್ವೇನೆ?" ಎಂದಳು. ಅಣ್ಣಂದಿರ ಹೆಸರು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಇಲ್ಲ ಕಣವ್ವ. ಅವ್ನಲ್ಲ, ನೀನೂ ಅಲ್ಲ."

ಸೆರಗು ಮುಖಕ್ಕೆ ಒತ್ತಿಕೊಂಡು ಮನಸಾರೆ ಅತ್ತಳು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮಿಂದು, ಒಗೆದ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು.

"ನಾಗಲಮಡಿಕೆಗೆ ಬಸ್ಸು ಎಷ್ಟೊತ್ತಿಗೈತೆ ಮಗಾ?" ಎಂದು ಕೇಳಿದಳು.