ಮಾವನ ದನಿ ಹೊತ್ತು ಕ್ವೀನ್ಸ್‌ಗೆ

ಬೆಳಿಗ್ಗೆ ಎಂಟರ ಸುಮಾರಿಗೆ ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ಮನೆಯಿಂದ ನ್ಯೂಯಾರ್ಕಿನ ಕ್ವೀನ್ಸ್‌ಗೆ ಹೊರಟೆವು. ನಾನು, ಶಾರದತ್ತೆ, ಅತ್ತೆಯ ಕೈಚೀಲದಲ್ಲಿ ಶಿವರಾಮ ಮಾವನ ಫೋನು. ಮಾವ ಇರಲಿಲ್ಲ. ಅವರು ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು. ಆದರೆ ಕ್ರೊಯೇಷಿಯಾದ ಟೆನಿಸ್ ಆಟಗಾರ ದಾವೊರ್ ಬ್ರನೆಲಿಚ್‌ನ ಪಾಲಿಗೆ ಅವರು ಇನ್ನೂ ಬದುಕಿದ್ದರು. ಆ ಮಧ್ಯಾಹ್ನ ಪಂದ್ಯಕ್ಕೆ ಮೊದಲು ಅವನು ಮಾವನಿಗೆ ಫೋನ್ ಮಾಡುವವನಿದ್ದ. ಮಾವನ ದನಿಯಲ್ಲಿ ಮಾತಾಡಬೇಕಾದವನು ನಾನು.

ನನ್ನ ಕಸುಬು ಮಿಮಿಕ್ರಿ. ಮೈಸೂರಿನಲ್ಲಿ ಆರ್ಕೆಸ್ಟ್ರಾದ ಗಾಯಕರು ನೀರು ಕುಡಿದು ಬರುವವರೆಗೆ ವೇದಿಕೆ ಕಾಯುವ ಕಲಾವಿದ. ನ್ಯೂಜೆರ್ಸಿಯ ಕನ್ನಡದವರು ಗಣೇಶನ ಹಬ್ಬದ ಕಾರ್ಯಕ್ರಮಕ್ಕೆ ಕರೆಸಿದ್ದರು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಏನು ಕೆಲಸ ಎಂದು ಕೇಳಿದಾಗ ಅವನ ದನಿಯಲ್ಲೇ ಉತ್ತರಿಸಬೇಕೆಂಬ ಆಸೆ ಗಂಟಲಿನವರೆಗೆ ಬಂದಿತ್ತು. ನುಂಗಿಕೊಂಡೆ, ಆದ್ದರಿಂದಲೇ ಈ ಪ್ರವಾಸ ಸಾಧ್ಯವಾಯಿತು. ನಮ್ಮ ಬಳಗದ ಮದುವೆಗಳಲ್ಲಿ ನನ್ನ ಖಾಯಂ ಐಟಂ ಶಿವರಾಮ ಮಾವ. ಅವರದು ಕುಂದಾಪುರದ ಮಾತು, ಮೂಗಿನಿಂದ ಹೊರಡುವ ಬೈಗುಳ. ಎದುರಿನ ಸಾಲಿನಲ್ಲಿ ಕೂತು ತಾವೇ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದರು.

ರೂಟ್ ಒಂದು ಎಂಬ ಹೆದ್ದಾರಿಯಲ್ಲಿ ವಾಹನಗಳು ಮದುವೆ ಊಟದ ಸಾಲಿನ ಹಾಗೆ ತೆವಳುತ್ತಿದ್ದವು. ಅತ್ತೆ ಸ್ಟಿಯರಿಂಗನ್ನು ಎರಡೂ ಕೈಯಿಂದ ಹಿಡಿದು, ಈ ಸುಳ್ಳು ಹೇಗೆ ಹುಟ್ಟಿತೆಂದು ಹೇಳಿದರು.

“ಮಾವ ತೀರ್ಕೊಂಡ ವಾರಾನೇ ಅವನಿಗೆ ಮೊಣಕಾಲು ಸರ್ಜರಿ ಕಣೋ. ಇವರ ಫೋನಿಗೆ ಮೆಸೇಜ್ ಬಂತು, ‘ಶಿವರಾಮ್, ನಾನು ಮತ್ತೆ ಓಡ್ತೀನಾ?’ ಅಂತ. ಏನು ಬರೀಲಿ? ಹೆಂಗಪ್ಪಾ ಬರೀಲಿ? ‘ಓಡ್ತೀಯ’ ಅಂತ ಕಳಿಸ್ದೆ. ಆಮೇಲೆ ದಿನಾ ಕಳಿಸ್ತಾನೇ ಇದ್ದೀನಿ.”

“ನಾಲ್ಕು ತಿಂಗಳು ಮಾವ ಆಗಿದ್ರಾ ಅತ್ತೆ? ನನಗಿಂತ ದೊಡ್ಡ ಕಲಾವಿದೆ ನೀವು.”

“ಬಾಯ್ಮುಚ್ಚು ಮಂಗ. ನಿನ್ನೆ ರಾತ್ರಿ ಬರೆದಿದ್ದಾನೆ, ‘ನಾಳೆ ಮೆಸೇಜ್ ಬೇಡ, ದನಿ ಬೇಕು’ ಅಂತ. ಇವತ್ತು ಸೋತ್ರೆ ರಿಟೈರ್ ಆಗ್ತಾನಂತೆ. ಮೂವತ್ತೆಂಟು ವಯಸ್ಸು. ಈಗ ಹೋಗಿ ನಿನ್ನ ಶಿವರಾಮ್ ಇಲ್ಲ ಅಂದ್ರೆ ಅವನು ಕೋರ್ಟಿಗೆ ಇಳೀತಾನಾ? ಒಂದೇ ಒಂದು ನಿಮಿಷ ಮಾತಾಡು. ಪಂದ್ಯ ಮುಗಿದ ಮೇಲೆ ಅಲ್ಲೇ ಎದುರಿಗೆ ನಿಂತು ನಾನೇ ಹೇಳ್ತೀನಿ.”

ಒಪ್ಪಿಕೊಂಡೆ. ಸತ್ತವರ ದನಿ ಮಾಡಬಾರದೆಂದು ನಮ್ಮ ಕಸುಬಿನಲ್ಲಿ ಯಾವ ನಿಯಮವೂ ಇಲ್ಲ. ಇದ್ದಿದ್ದರೆ ನಮ್ಮಲ್ಲಿ ಅರ್ಧಕ್ಕರ್ಧ ಜನ ಉಪವಾಸ ಬೀಳುತ್ತಿದ್ದರು.

ವುಡ್‌ಬ್ರಿಡ್ಜ್ ಟೌನ್‌ಶಿಪ್ಪಿನ ರೈಲು ನಿಲ್ದಾಣದಲ್ಲಿ ಕಾರು ನಿಲ್ಲಿಸಿದೆವು. ಮನೆಯಿಂದ ಹದಿನೇಳು ಮೈಲಿ, ಮುಕ್ಕಾಲು ಗಂಟೆ. ನ್ಯೂಯಾರ್ಕಿಗೆ ಟಿಕೆಟ್ ತಲೆಗೆ ಹತ್ತು ಡಾಲರಿಗಿಂತ ಮೇಲೆ. ಬೆಳಿಗ್ಗೆಯೇ ತೊಂಬತ್ತು ಡಿಗ್ರಿ. ಅದು ಫ್ಯಾರನ್‌ಹೀಟ್ ಎಂದು ನನಗೆ ನಾನೇ ಹೇಳಿಕೊಂಡು ಬದುಕಿದೆ. ರೈಲಿನಲ್ಲಿ ಅತ್ತೆ ಫಾಯಿಲ್ ಬಿಚ್ಚಿ ಇಡ್ಲಿ ಕೊಟ್ಟರು. ಚಟ್ನಿಯ ಬೆಳ್ಳುಳ್ಳಿ ಇಡೀ ಬೋಗಿಗೆ ನಮ್ಮ ಪರಿಚಯ ಮಾಡಿಕೊಟ್ಟಿತು.

ಅತ್ತೆ ತಿನ್ನಲಿಲ್ಲ. ಫೋನನ್ನು ತೊಡೆಯ ಮೇಲಿಟ್ಟುಕೊಂಡು, “ಅವನ ಬಗ್ಗೆ ಎಲ್ಲ ಗೊತ್ತಿರ್ಬೇಕು ನಿನಗೆ. ಏನಾದ್ರೂ ಕೇಳಿಬಿಟ್ರೆ?” ಎಂದು ದಾವೊರ್‌ನ ಸಾಧನೆಗಳನ್ನು ಒಪ್ಪಿಸತೊಡಗಿದರು. ಅವರ ಮನೆಯಲ್ಲಿ ಟೆನಿಸ್ಸಿಗೂ ಸಂಸಾರಕ್ಕೂ ಒಂದೇ ಪಂಚಾಂಗ.

ಹತ್ತೊಂಬತ್ತು ವರ್ಷದ ದಾವೊರ್ ಕ್ರೊಯೇಷಿಯಾದ ಸ್ಪ್ಲಿಟ್ ಪಟ್ಟಣದ ಹತ್ತಿರದ ಕಡಲೂರಿನಿಂದ ಎರಡು ರ‍್ಯಾಕೆಟ್ ಹಿಡಿದು ಬಂದು, ರೂಟ್ ಒಂದರ ಬದಿಯಲ್ಲಿ ಮಾವ ನಡೆಸುತ್ತಿದ್ದ ಮೋಟೆಲಿನಲ್ಲಿ ಇಳಿದುಕೊಂಡಿದ್ದ. ಸಣ್ಣದೊಂದು ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತ. ಕುಂದಾಪುರದ ಕ್ಲಬ್ಬಿನಲ್ಲಿ ಟೆನಿಸ್ ಆಡಿದ್ದ ಮಾವ, ಬೆಳಗಿನ ತಿಂಡಿಯ ಸೌಟು ಕೆಳಗಿಟ್ಟು, ಅವನನ್ನು ಹಿಂದಿನ ಬೀದಿಯ ಸಾರ್ವಜನಿಕ ಕೋರ್ಟಿಗೆ ಎಳೆದುಕೊಂಡು ಹೋದರು. ಅಲ್ಲಿಂದ ಶುರು. ಕೆಂಡಲ್ ಪಾರ್ಕಿನ ಗೃಹಪ್ರವೇಶದ ವರ್ಷ ಹುಲ್ಲಿನ ಕೋರ್ಟಿನಲ್ಲಿ ಅವನ ಮೊದಲ ಪ್ರಶಸ್ತಿ. ಗ್ರೀನ್ ಕಾರ್ಡ್ ಬಂದ ವರ್ಷ ದೇಶದ ತಂಡಕ್ಕಾಗಿ ನಿರ್ಣಾಯಕ ಪಂದ್ಯ ಗೆದ್ದ. ಅತ್ತೆಯ ಪಿತ್ತಕೋಶದ ಆಪರೇಷನ್ ವರ್ಷ, ಪ್ಯಾರಿಸ್ಸಿನ ಕೆಂಪು ಮಣ್ಣಿನಲ್ಲಿ, ಐದು ಸೆಟ್ ಆಡಿ ವಿಶ್ವದ ಒಂದನೇ ಆಟಗಾರನನ್ನು ಸೋಲಿಸಿದ.

“ಮಾವ ಆಸ್ಪತ್ರೆಯಲ್ಲಿ ನನ್ನ ಮುಖ ನೋಡ್ತಿದ್ರು ಅಂದ್ಕೊಂಡ್ಯಾ? ನನ್ನ ತಲೆ ಮೇಲಿದ್ದ ಟೀವಿ ನೋಡ್ತಿದ್ರು.”

ಮೋಟೆಲಿನ ಚಾವಣಿ ಸೋರಿದ ವರ್ಷ ಇದೇ ಕ್ವೀನ್ಸ್‌ನ ದೊಡ್ಡ ಟೂರ್ನಿಯಲ್ಲಿ ಕ್ವಾರ್ಟರ್ ಫೈನಲ್. ಗೆಲುವಿಗೆ ಒಂದೇ ಪಾಯಿಂಟ್ ಇದ್ದಾಗ ಜಾರಿ ಸೋತ. ಡಬಲ್ಸ್‌ನಲ್ಲಿ ಎರಡು ಪ್ರಶಸ್ತಿ. ಅವನ್ನು ಮಾವ ಲೆಕ್ಕಕ್ಕಿಡುತ್ತಿರಲಿಲ್ಲ. ಆಮೇಲೆ ಮೊಣಕಾಲು. ರ‍್ಯಾಂಕಿಂಗ್ ಪಾತಾಳಕ್ಕಿಳಿದು, ಒಂದು ಕಾಲಕ್ಕೆ ನೇರ ಪ್ರವೇಶವಿದ್ದ ಟೂರ್ನಿಗೆ ಈಗ ಹುಡುಗರ ಜೊತೆ ಅರ್ಹತಾ ಸುತ್ತು ಆಡುತ್ತಿದ್ದ. ಆ ಸುತ್ತಿನ ಕೊನೆಯ ಪಂದ್ಯ ಇದು; ಗೆದ್ದರೆ ಮುಖ್ಯ ಟೂರ್ನಿಗೆ ಪ್ರವೇಶ.

ಹಡ್ಸನ್ ನದಿಯ ಕೆಳಗಿನ ಸುರಂಗ ಹೊಕ್ಕಾಗ ಸಿಗ್ನಲ್ ಹೋಯಿತು. ಅತ್ತೆ ಫೋನನ್ನು ಕಿಟಕಿಗೆ ಒತ್ತಿ ಹಿಡಿದರು.

“ಈಗಲೇ ಮಾಡಿಬಿಟ್ರೆ?”

“ಮಧ್ಯಾಹ್ನ ಅಂದಿದ್ದಾನಲ್ಲ ಅತ್ತೆ.”

“ಕ್ರೊಯೇಷಿಯಾದ ಮಧ್ಯಾಹ್ನ ಆಗಿದ್ರೆ?”

ನಗಬೇಕೆನಿಸಿತು. ಅವರ ಮುಖ ನೋಡಿ ಇಡ್ಲಿಯ ಕೊನೆ ತುಂಡು ಬಾಯಿಗೆ ತುರುಕಿಕೊಂಡೆ.

ಮ್ಯಾನ್‌ಹಟನ್‌ನಲ್ಲಿ ನೆಲದೊಳಗೇ ನಡೆದು ಸಬ್‌ವೇ ಹಿಡಿದೆವು. ಸುಮಾರು ಮೂರು ಡಾಲರ್. ಜ್ಯಾಕ್ಸನ್ ಹೈಟ್ಸ್‌ನಲ್ಲಿ ಇಳಿದು, ಮೆಟ್ಟಿಲು ಹತ್ತಿ, ಏಳನೇ ನಂಬರಿನ ರೈಲು ಹಿಡಿದರೆ ಟೆನಿಸ್ ಮೈದಾನ. ಆದರೆ ಮೆಟ್ಟಿಲ ಮಧ್ಯದಲ್ಲೇ ಫೋನು ಬಡಿದುಕೊಂಡಿತು. ಅತ್ತೆ ನನ್ನ ಅಂಗಿ ಹಿಡಿದೆಳೆದು ಗೇಟಿನಿಂದ ಹೊರಗೆ ಓಡಿದರು. ಒಳಗೆ ಬರಲು ಮತ್ತೆ ಮೂರು ಡಾಲರ್ ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಎಪ್ಪತ್ತನಾಲ್ಕನೇ ಬೀದಿ. ಎದುರಿಗೆ ಸೀರೆ ಅಂಗಡಿ, ಬೊಂಬೆಗಳಿಗೆಲ್ಲ ಕಂಚಿ ರೇಷ್ಮೆ. ತಲೆಯ ಮೇಲೆ ಕಬ್ಬಿಣದ ಹಳಿ. ನಾನು ಗೋಡೆಗೆ ಮುಖ ಮಾಡಿ ನಿಂತೆ. ಅತ್ತೆ ಫೋನಿನ ಸ್ಪೀಕರ್ ಒತ್ತಿ ನನ್ನ ಬಾಯಿಯ ಮುಂದೆ ಹಿಡಿದರು.

“ಶಿವರಾಮ್?” ಭಾರವಾದ, ಒರಟು ಇಂಗ್ಲಿಷ್.

ಗಂಟಲು ಕೆಳಗಿಳಿಸಿ, ಮೂಗು ಬಿಗಿಹಿಡಿದೆ. “ಹಲೋ ದಾವೊರ್. ಹೇಗಿದ್ದೀಯ ಮಗಾ? ಕಾಲು ಹೇಗುಂಟು? ಚಿಂತೆ ಮಾಡಬೇಡ. ದೇವರು ಒಳ್ಳೆಯದು ಮಾಡ್ತಾನೆ” ಎಂದು ಮಾವನ ಇಂಗ್ಲಿಷಿನಲ್ಲಿ ಹೇಳಿದೆ. ದನಿ ಚೆನ್ನಾಗಿಯೇ ಬಂತು. ಎಷ್ಟು ಚೆನ್ನಾಗಿ ಎಂದರೆ, ನನ್ನ ಕತ್ತಿನ ಹಿಂದಿನ ಕೂದಲೇ ಎದ್ದು ನಿಂತಿತು.

ಅತ್ತೆಯ ಮುಖ ನೋಡಿದೆ. ಅವರು ದಾವೊರ್‌ನನ್ನು ಮರೆತೇಬಿಟ್ಟಿದ್ದರು. ನನ್ನ ಬಾಯನ್ನೇ ನೋಡುತ್ತಿದ್ದರು, ಅದರೊಳಗಿಂದ ಯಾರೋ ಇಳಿದು ಬರುತ್ತಾರೆ ಎಂಬಂತೆ. ನಾನು ಇನ್ನೊಂದು ಮಾತಿಗೆ ಬಾಯಿ ತೆರೆದದ್ದೇ ತಡ, ಅಂಗೈಯಿಂದ ನನ್ನ ಬಾಯಿ ಮುಚ್ಚಿದರು.

“ಬೇಡ. ಸಾಕು. ಬೇಡ ಕಣೋ.” ಫೋನಿಗೆ ಇಂಗ್ಲಿಷಿನಲ್ಲಿ ಹೇಳಿದರು, “ದಾವೊರ್, ನಾನು ಶಾರದಾ. ಇವನು ನನ್ನ ಅಣ್ಣನ ಮಗ. ಶಿವರಾಮ್ ಇಲ್ಲ. ಏಪ್ರಿಲ್‌ನಲ್ಲೇ ಹೋದ್ರು.”

ಮೇಲೆ ರೈಲು ಬಂತು. ಇಡೀ ಬೀದಿ ಗಡಗಡಿಸಿತು. ಅದು ಹೋಗುವವರೆಗೆ ಅವನು ಏನಾದರೂ ಹೇಳಿದನೋ, ಫೋನ್ ಇಟ್ಟನೋ ತಿಳಿಯಲಿಲ್ಲ. ಅತ್ತೆ ಅದನ್ನು ಕಿವಿಗೆ ಅದುಮಿಕೊಂಡು ಕಣ್ಣು ಮುಚ್ಚಿ ನಿಂತರು.

ಸದ್ದು ಅಡಗಿದಾಗ ಅವನ ದನಿ ಇತ್ತು. “ಏಪ್ರಿಲ್‌ನಿಂದ ಶಿವರಾಮ್ ನನಗೆ ದಿನಾ ಗುಲಾಬಿ ಹೂವು, ಆನೆ ದೇವರು, ಗುಡ್ ಮಾರ್ನಿಂಗ್ ಕಳಿಸುತ್ತಿದ್ದ. ಆ ಮನುಷ್ಯ ಜನ್ಮದಲ್ಲಿ ಯಾರಿಗೂ ಗುಡ್ ಮಾರ್ನಿಂಗ್ ಹೇಳಿದವನಲ್ಲ, ಶಾರದಾ. ನನಗೆ ಅನುಮಾನವಿತ್ತು. ಕೇಳಲು ಧೈರ್ಯವಿರಲಿಲ್ಲ.”

ಅತ್ತೆ ತಲೆ ಚಚ್ಚಿಕೊಂಡರು. ಬೆಳಗಾದರೆ ಬಂಧು ಬಳಗಕ್ಕೆಲ್ಲ ಕಳಿಸುವ ಶುಭೋದಯದ ಚಿತ್ರಗಳನ್ನು ಅಭ್ಯಾಸಬಲದಿಂದ ಮಾವನ ಫೋನಿನಿಂದಲೂ ಕಳಿಸಿದ್ದರು.

“ಆಡ್ತೀಯಾ?” ಎಂದು ಕೇಳಿದರು.

“ಗೊತ್ತಿಲ್ಲ. ನೀವು ಎಲ್ಲಿದ್ದೀರಿ?”

“ಹತ್ತಿರದಲ್ಲೇ.”

“ಬನ್ನಿ” ಎಂದ. ಲೈನು ಕಡಿಯಿತು.

ಮಾವ ಇದ್ದಾಗ ಅತ್ತೆ ಒಮ್ಮೆಯೂ ಮೈದಾನಕ್ಕೆ ಹೋದವರಲ್ಲ. ಅಂದು ನನಗಿಂತ ಮುಂದೆ ಮೆಟ್ಟಿಲು ಹತ್ತಿದರು. ಮೇಲಿನ ಹಳಿಯ ರೈಲು ಹದಿನೈದು ನಿಮಿಷದಲ್ಲಿ ಮುಟ್ಟಿಸಿತು. ಅರ್ಹತಾ ಸುತ್ತಿನ ವಾರ ಪ್ರವೇಶ ಉಚಿತ, ನಿಂಬೆ ಪಾನಕಕ್ಕೆ ಮಾತ್ರ ಆಸ್ತಿ ಬರೆದುಕೊಡಬೇಕು. ಚೀಲ ತಪಾಸಣೆಯ ಸಾಲಿನಲ್ಲಿ ಅತ್ತೆ ಉದ್ದಕ್ಕೂ ಒಂದೇ ಪ್ರಶ್ನೆ ಕೇಳಿದರು: “ನಾನು ತಪ್ಪು ಮಾಡ್ದೆನಾ? ಇನ್ನು ಒಂದು ಗಂಟೆ ತಡ್ಕೊಬೇಕಿತ್ತಾ?” ನಾನು ಅವರ ಕೈಚೀಲ ತೆರೆದು ತಪಾಸಣೆಯವನ ಮುಂದಿಟ್ಟೆ.

ಮೂಲೆಯ ಚಿಕ್ಕ ಕೋರ್ಟು. ದಾವೊರ್ ಇಳಿದಿದ್ದ. ಎತ್ತರದ ಆಳು, ಗಡ್ಡದಲ್ಲಿ ಬಿಳಿ, ಮೊಣಕಾಲಿಗೆ ಕಪ್ಪು ಪಟ್ಟಿ. ಎದುರಾಳಿ ಇಪ್ಪತ್ತರ ಅಮೆರಿಕನ್ ಹುಡುಗ. ಅವನ ಕಾಲಿನಲ್ಲಿ ಸ್ಪ್ರಿಂಗು, ಅವನ ಕಡೆಯವರ ಬಾಯಿಯಲ್ಲಿ ಸೈರನ್ನು. ಘೋಷಕ ದಾವೊರ್‌ನ ಹೆಸರು ಹೇಳಿ, ಹುಲ್ಲಿನ ಪ್ರಶಸ್ತಿ, ಪ್ಯಾರಿಸ್ ಗೆಲುವು, ಇಲ್ಲಿಯದೇ ಕ್ವಾರ್ಟರ್ ಫೈನಲ್ ಎಂದು ಒಂದೇ ಉಸಿರಿಗೆ ಮುಗಿಸಿದ.

“ಡಬಲ್ಸ್ ಹೇಳ್ಲೇ ಇಲ್ಲ” ಎಂದರು ಅತ್ತೆ.

“ಮಾವ ಅದನ್ನ ಲೆಕ್ಕಕ್ಕಿಡ್ತಿರ್ಲಿಲ್ಲ ಅಂದ್ರಲ್ಲ?”

“ಅವ್ರು ಇಡ್ತಿರ್ಲಿಲ್ಲ. ನಾನು ಇಡ್ತೀನಿ.”

ಮೊದಲ ಸೆಟ್ ನೋಡಲಾಗಲಿಲ್ಲ. ದಾವೊರ್ ನಿದ್ದೆಗಣ್ಣಿನವನಂತೆ ಆಡಿದ. ಚೆಂಡು ನೆಟ್ಟಿಗೆ, ಚೆಂಡು ಗೋಡೆಗೆ. ಗೆರೆಯ ಬಳಿ ನಿಂತು ಕೂಗುವ ಮನುಷ್ಯರು ಈಗ ಇಲ್ಲ, ಯಂತ್ರವೇ ರೆಕಾರ್ಡು ಮಾಡಿದ ದನಿಯಲ್ಲಿ ಔಟ್ ಎನ್ನುತ್ತದೆ. ನನ್ನ ಕಸುಬಿಗೆ ಎಲ್ಲೆಲ್ಲೂ ಪೈಪೋಟಿ. ಅತ್ತೆ ಸೆರಗಿನ ತುದಿಯನ್ನು ಹಗ್ಗದಂತೆ ಹೊಸೆಯುತ್ತಿದ್ದರು. “ನನ್ನಿಂದಲೇ” ಎಂದು ಒಂದು ಸಲ ಹೇಳಿದರು. ಮತ್ತೆ ಹೇಳಲಿಲ್ಲ, ಆದರೆ ತುಟಿ ಅಲುಗುತ್ತಲೇ ಇತ್ತು.

ಎರಡನೇ ಸೆಟ್ಟಿನ ಆರಂಭದಲ್ಲೇ ಅವನು ಸತತ ಎರಡು ಡಬಲ್ ಫಾಲ್ಟ್ ಮಾಡಿದ. ಮೂರನೆಯ ಸಲ ಚೆಂಡು ಹಿಡಿದು ಸುಮ್ಮನೆ ನಿಂತುಬಿಟ್ಟ. ಅಂಪೈರ್ ಗಡಿಯಾರ ನೋಡಿದ. ಇಡೀ ಕೋರ್ಟು ಮೌನ. ಆ ಮೌನದಲ್ಲಿ ನನ್ನ ಪಕ್ಕದಿಂದ, ಮೈಸೂರು ಅಗ್ರಹಾರದಲ್ಲಿ ಹುಟ್ಟಿ ಬೆಳೆದ ಹೆಂಗಸಿನ ಬಾಯಿಂದ, ಅಪ್ಪಟ ಕುಂದಾಪುರದ ಬೈಗುಳ ಹೊರಟಿತು:

“ಎಂತ ಮಾರಾಯಾ! ಕೈಯಲ್ ಇಪ್ಪುದ್ ಬ್ಯಾಟಾ, ಸೌಟಾ?”

ಅಂಪೈರ್ ಮೈಕಿನಲ್ಲಿ ಶಾಂತಿ ಕಾಪಾಡಲು ಹೇಳಿದ. ಹುಡುಗನ ಕಡೆಯವರು ತಿರುಗಿ ದುರುಗುಟ್ಟಿದರು. ನಾನು ಬೆಂಚಿನಡಿ ಜಾಗವಿದೆಯೇ ಎಂದು ನೋಡಿದೆ. ದಾವೊರ್ ಮಾತ್ರ ತಲೆ ಎತ್ತಿ ನಮ್ಮತ್ತ ನೋಡಿದ. ಮೋಟೆಲಿನ ಅಡುಗೆಮನೆಯಲ್ಲಿ ಮಾವನಿಂದ ಆ ಬೈಗುಳ ಎಷ್ಟು ಸಲ ತಿಂದಿದ್ದನೋ. ತೋಳಿನಿಂದ ಮುಖ ಒರೆಸಿಕೊಂಡ, ಬೆವರೋ, ಬೇರೆಯದೋ. ಮುಂದಿನ ಸರ್ವ್ ಹುಡುಗನಿಗೆ ಕಾಣಿಸಲೇ ಇಲ್ಲ.

ಎರಡನೇ ಸೆಟ್ ದಾವೊರ್ ಗೆದ್ದ. ಮೂರನೆಯದು ಆರು ಆರಕ್ಕೆ ಸಮವಾಗಿ, ಹತ್ತು ಪಾಯಿಂಟಿನ ಟೈಬ್ರೇಕಿಗೆ ಬಂತು. ಅತ್ತೆಗೆ ನಿಯಮ ಹೇಳುವ ಗೋಜಿಗೆ ನಾನು ಹೋಗಲಿಲ್ಲ; ನನಗೇ ಉಸಿರು ಸಾಲುತ್ತಿರಲಿಲ್ಲ. ಒಂಬತ್ತು ಏಳರಲ್ಲಿ ಹುಡುಗನಿಗೆ ಎರಡು ಮ್ಯಾಚ್ ಪಾಯಿಂಟ್. ದಾವೊರ್ ಎರಡನ್ನೂ ಉಳಿಸಿಕೊಂಡ. ಒಂದಕ್ಕೆ ಕುಂಟುತ್ತ ನೆಟ್ಟಿನವರೆಗೆ ಓಡಿ ಚೆಂಡನ್ನು ಕೈಮುಗಿದಂತೆ ಆ ಕಡೆ ಇಟ್ಟ. ಒಂಬತ್ತು ಒಂಬತ್ತು. ಆಮೇಲೆ ಹುಡುಗ ಗೆರೆಗೆ ಅಂಟಿಸಿ ಒಂದು ಹೊಡೆದ. ಇನ್ನೊಂದು ಹೊಡೆದ. ಯಂತ್ರ ಏನೂ ಕೂಗಲಿಲ್ಲ. ಮುಗಿಯಿತು.

ಕೈಕುಲುಕಿ, ಚೀಲ ಹೆಗಲಿಗೆ ಹಾಕಿಕೊಂಡು, ದಾವೊರ್ ನೇರವಾಗಿ ನಮ್ಮ ಬೇಲಿಯ ಹತ್ತಿರ ಬಂದ. ಅತ್ತೆ ಕಂಬಿಯ ಮೇಲಿಂದ ಕೈ ಚಾಚಿದರು. ಅವನು ಆ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡ.

“ನಾನು ಮೊದಲೇ ಹೇಳ್ಬೇಕಿತ್ತು” ಎಂದರು ಅತ್ತೆ.

“ಹೇಳಿದ್ದರೆ ಮೊಣಕಾಲು ಸರಿಮಾಡಿಕೊಳ್ಳುವುದನ್ನೇ ಬಿಟ್ಟುಬಿಡುತ್ತಿದ್ದೆ. ಸಾಯುವ ಮುನ್ನ ನೋವಾಯಿತಾ ಅವನಿಗೆ?”

“ಇಲ್ಲ. ಟೀವಿಯವರನ್ನ ಬೈಯ್ತಾ ಹೋದ್ರು. ನಿನ್ನ ಹಳೇ ಮ್ಯಾಚ್ ಒಂದೂ ತೋರಿಸ್ಲಿಲ್ಲ ಅಂತ.”

ಅವನು ನಕ್ಕ, ಆಮೇಲೆ ನನ್ನ ಕಡೆ ತಿರುಗಿದ. “ಫೋನಿನಲ್ಲಿ ನೀನೇನಾ?”

ಹೌದೆಂದು ತಲೆಯಾಡಿಸಿದೆ.

“ದನಿ ಅವನದೇ. ಮನುಷ್ಯ ಬೇರೆ.” ಚೀಲ ಸರಿಮಾಡಿಕೊಂಡು ಕುಂಟುತ್ತ ಆಟಗಾರರ ಬಾಗಿಲಿನತ್ತ ಹೋದ. ಅಲ್ಲೊಬ್ಬಳು ಪುಟ್ಟ ಹುಡುಗಿ ಸಹಿಗೆಂದೇ ಮಾರುವ ದೊಡ್ಡ ಟೆನಿಸ್ ಚೆಂಡು ಚಾಚಿದಳು. ನಿಂತು, ನಿಧಾನವಾಗಿ, ಪೂರ್ತಿ ಹೆಸರು ಬರೆದುಕೊಟ್ಟ.

ವಾಪಸು ರೈಲು ಹಿಡಿದೆವು. ಕಾರು ಹತ್ತಿ ರೂಟ್ ಒಂದಕ್ಕೆ ಇಳಿದಾಗ ಇನ್ನೂ ಬೆಳಕಿತ್ತು. ಮಾವನ ಮೋಟೆಲಿನ ಫಲಕ ಎಡಗಡೆ ಹಾದುಹೋಯಿತು. ಈಗ ಅದನ್ನು ಬೇರೆಯವರು ನಡೆಸುತ್ತಾರೆ. ಸಿಗ್ನಲ್ಲಿನಲ್ಲಿ ನಿಂತಾಗ ಅತ್ತೆ ರಸ್ತೆಯನ್ನೇ ನೋಡುತ್ತ, “ಮಾಡು” ಎಂದರು.

“ಏನು ಅತ್ತೆ?”

“ಅವರನ್ನ.”

ಮೆಲ್ಲಗೆ ಶುರು ಮಾಡಿದೆ: “ಶಾರದಾ, ಬೇಜಾರ್ ಮಾಡ್ಕಣ್ಬೇಡ. ನೀ ಸರಿಯೇ ಮಾಡಿದ್ದೆ…”

ಅತ್ತೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಲೆ ಅಡ್ಡಡ್ಡ ಆಡಿಸಿದರು. ದೀಪ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದ.

“ಅಷ್ಟು ಒಳ್ಳೆಯವರಾಗಿರ್ಲಿಲ್ಲ ಕಣೋ ಅವರು” ಎಂದು ಗೇರ್ ಹಾಕಿದರು. “ಸರಿಯಾಗಿ ಮಾಡು. ಇನ್ನೊಂದ್ ಸಲ.”