ಪದ್ಮಾಕ್ಷಿ ಒಡೆದ ಪುಂಡಿ

ಮೂಡುಬಿದಿರೆಯ ಆ ಹುಡುಗರ ಹಾಸ್ಟೆಲಿಗೆ ಯಾರ ಮನೆಯಿಂದ ಬುತ್ತಿ ಬಂದರೂ ಅದು ಮೊದಲು ಗೇಟು ಕಾಯುವ ಪುತ್ತಿಗೆಯ ಪದ್ಮಾಕ್ಷಿಯ ಕೈ ದಾಟಬೇಕು. ಗಾಂಜಾ, ಎಂಡಿಎಂಎ ಎಂದು ಪೊಲೀಸರು ಸಭೆ ಕರೆದು ಎಚ್ಚರಿಸಿದ ಮೇಲೆ ಬಂದ ನಿಯಮ ಅದು. ಗೇಟಿನ ಪಕ್ಕದ ಮೇಜಿನಲ್ಲಿ ಅವಳು ಹೋಳಿಗೆ ಹರಿಯುತ್ತಾಳೆ, ಉಂಡೆ ಒಡೆಯುತ್ತಾಳೆ, ಉಪ್ಪಿನಕಾಯಿಯ ತಳಕ್ಕೆ ಚಮಚ ಇಳಿಸುತ್ತಾಳೆ.

"ಪದ್ಮಕ್ಕ, ಅರ್ಧ ನೀವೇ ತಿಂದ್ರೋ ಹೇಗೆ?" ಎಂದು ಹುಡುಗರು ಕೆಣಕುತ್ತಾರೆ.

"ನಿನ್ನ ಅಮ್ಮ ಸಕ್ಕರೆ ಸುರಿದಿದ್ದಾರೆ, ನನಗೆ ಬೇಡ ಮಾರಾಯ."

ಐದು ವರ್ಷದಲ್ಲಿ ಗಾಂಜಾದ ಒಣಸೊಪ್ಪಿನ ಪೊಟ್ಟಣ ಅವಳಿಗೆ ಸಿಕ್ಕಿದ್ದು ಎರಡೇ ಸಲ. ಮೂರನೆಯದು ಸಿಕ್ಕಿದ್ದು ಗೇಟಿನಲ್ಲಲ್ಲ, ಮನೆಯಲ್ಲಿ. ಮಗ ಅಶೋಕನ ಪ್ಯಾಂಟನ್ನು ಒಗೆಯಲು ಹಾಕುವಾಗ.

ಅಶೋಕನಿಗೆ ಇಪ್ಪತ್ತಾರು ವರ್ಷ, ಪಿಕಪ್ ಓಡಿಸುತ್ತಿದ್ದ. ಸೇದುವವನು ತಾನಾಗಿ ಚಿಕಿತ್ಸೆಗೆ ಸೇರಿದರೆ ಕಾನೂನಿನಲ್ಲಿ ಒಂದು ದಾರಿ ಉಂಟು ಎಂದು ಇನ್ಸ್‌ಪೆಕ್ಟರ್ ಸಭೆಯಲ್ಲಿ ಹೇಳಿದ್ದು ಅವಳ ಕಿವಿಯಲ್ಲಿತ್ತು. ಸ್ಟೇಷನ್ನೋ ಚಿಕಿತ್ಸೆಯೋ ನೀನೇ ಹೇಳು ಎಂದು ಬಾಗಿಲಿಗೆ ಅಡ್ಡ ಕೂತುಬಿಟ್ಟಳು. ಮರುದಿನ ಇಬ್ಬರೂ ಬಸ್ಸು ಹತ್ತಿದರು. ಮುಂಡಾಜೆಯ ಹತ್ತಿರದ ವ್ಯಸನಮುಕ್ತಿ ಕೇಂದ್ರದ ಗೇಟಿನಲ್ಲಿ ಮಗ ಬಾಯಿಬಿಟ್ಟ.

"ನನ್ನ ಕಿಸೆಗೂ ಕೈ ಹಾಕಿದೆಯಲ್ಲ. ಇನ್ನು ನನ್ನನ್ನು ನೋಡ್ಲಿಕ್ಕೆ ಬರ್ಬೇಡ."

ಆದರೂ ಅವಳು ಹೋದಳು. ಪ್ರತೀ ಭಾನುವಾರ ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಡಬ್ಬಿಯಲ್ಲಿ ಅವನಿಗೆ ಪ್ರಾಣವಾದ ಪುಂಡಿ, ಅಕ್ಕಿತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ಅಲ್ಲಿನ ಗೇಟಿನ ಪ್ರೇಮಾವತಿ ಒಂದೊಂದನ್ನೂ ಬೆರಳಿಂದ ಒಡೆದು ನೋಡಿ ಒಳಗೆ ಕಳಿಸುವಳು. ಮಗ ಹೊರಗೆ ಬರುತ್ತಿರಲಿಲ್ಲ, ಡಬ್ಬಿ ಹಾಗೆಯೇ ಮರಳುತ್ತಿತ್ತು. ಒಡೆದದ್ದನ್ನು ನೋಡಿದ ಕೂಡಲೇ ದೂಡಿಬಿಡ್ತಾನೆ ಎಂದು ಪ್ರೇಮಾವತಿ ಹೇಳಿದಾಗ ಪದ್ಮಾಕ್ಷಿಗೆ ತನ್ನ ಮೇಜಿನ ಮೇಲೆ ಪುಡಿಯಾದ ಎಷ್ಟೋ ಅಮ್ಮಂದಿರ ಉಂಡೆಗಳು ಕಣ್ಣೆದುರು ಬಂದವು.

ನಾಲ್ಕನೆಯ ಭಾನುವಾರ, ಇದೊಂದು ಸಲ ಹಾಗೆಯೇ ಬಿಡಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ತಾನು ಯಾವ ಅಮ್ಮನಿಗೂ ಬಿಟ್ಟುಕೊಟ್ಟವಳಲ್ಲ, ನುಂಗಿಕೊಂಡಳು.

"ನಾನೇ ಒಡೆದು ಕೊಡ್ತೇನೆ," ಎಂದಳು. "ನೀವು ಸರೀ ನೋಡಿ."

ಹಲ್ಲು ಬಾರದ ಅಶೋಕನಿಗೆ ಹಿಂದೆ ಒಡೆಯುತ್ತಿದ್ದ ಹಾಗೆ ಒಂದೊಂದನ್ನೂ ನಾಲ್ಕು ಮಾಡಿದಳು. ಪ್ರತೀ ಚೂರಿನ ನಡುವೆ ಹೆಬ್ಬೆರಳಿಂದ ಸಣ್ಣ ಕುಳಿ ಒತ್ತಿ, ಅದಕ್ಕೊಂದು ಹನಿ ತೆಂಗಿನೆಣ್ಣೆ ಬಿಟ್ಟಳು. ಪ್ರೇಮಾವತಿ ಅವಸರ ಮಾಡಲಿಲ್ಲ.

ಅರ್ಧ ಗಂಟೆಯ ಮೇಲೆ ಡಬ್ಬಿ ಹೊರಗೆ ಬಂತು, ಖಾಲಿಯಾಗಿ.

"ಯಾರು ಒಡೆದದ್ದು ಅಂತ ಕೇಳಿದ. ನಿನ್ನ ಅಮ್ಮ ಅಂದೆ," ಎಂದಳು ಪ್ರೇಮಾವತಿ.

"ಮತ್ತೆ? ಬರ್ತೇನೆ ಅಂದನಾ?"

"ಇಲ್ಲ. ಕೂತು ತಿಂದ, ಅಷ್ಟೇ."

ರಸ್ತೆಯಲ್ಲಿ ಬೆಳ್ತಂಗಡಿಯ ಬಸ್ಸು ಹಾರನ್ ಹಾಕಿತು. ಪದ್ಮಾಕ್ಷಿ ಏಳಲಿಲ್ಲ, ಒಳಗಿನ ಬಾಗಿಲು ಕಾಣುವಂತೆ ಬೆಂಚಿನಲ್ಲಿ ಸ್ವಲ್ಪ ಸರಿದು ಕೂತಳು. ನಾಲ್ಕೂವರೆಗೆ ಇನ್ನೊಂದು ಬಸ್ಸು ಉಂಟು.